ಹೇಳಿಕೆ ಕೇಳಲು ಬಂದವರು

ಕೊರೊನಾದ ಎರಡನೇ ಅಲೆ ಇಳಿದ ಮರುವರ್ಷ ನಾನು ಜಿಲ್ಲೆಯ ಮಾನಸಿಕ ಆರೋಗ್ಯ ತಂಡದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದೆ. ವಾರದ ನಾಲ್ಕು ದಿನ ನಾಲ್ಕು ಊರು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಈಗ ಬರೆಯುತ್ತಿರುವುದು ಆ ನಾಲ್ಕರಲ್ಲಿ ಒಂದು ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ನಡೆದದ್ದು. ಯಾವ ಊರೆಂದು ಹೇಳುವುದಿಲ್ಲ. ಹೆಸರುಗಳನ್ನೂ ಬದಲಿಸಿದ್ದೇನೆ. ನಮ್ಮ ಕಡೆ ಒಂದು ಊರಿನ ಸುದ್ದಿ ಮುಂದಿನ ಬಸ್ಸಿಗೇ ಇನ್ನೊಂದು ಊರು ಮುಟ್ಟುತ್ತದೆ.

ಬಾಗಿಲ ಮೇಲಿನ ಬೋರ್ಡಿನಲ್ಲಿ ‘ಆಪ್ತ ಸಮಾಲೋಚನೆ’ ಎಂದು ಬರೆದಿತ್ತು. ಜನ ಮಾತ್ರ "ತಲೆ ಡಾಕ್ಟ್ರು ಬರೋ ದಿನ" ಎನ್ನುತ್ತಿದ್ದರು. ನಾನು ಡಾಕ್ಟರಲ್ಲ. ಮಾತ್ರೆ ಬರೆಯುವುದು ಸೈಕಿಯಾಟ್ರಿಸ್ಟರ ಕೆಲಸ, ಅವರು ಕೂರುತ್ತಿದ್ದುದು ಜಿಲ್ಲಾ ಕೇಂದ್ರದಲ್ಲಿ. ನನ್ನದು ಮಾತಿನ ಚಿಕಿತ್ಸೆ. ಅದರ ಮೊದಲ ಭೇಟಿಗೆ ಸುಮಾರು ಮುಕ್ಕಾಲು ಗಂಟೆ ಬೇಕು, ಮತ್ತು ಆ ಹೊತ್ತಿನ ಹೆಚ್ಚು ಪಾಲು ಪ್ರಶ್ನೆಗಳಿಗೇ ಹೋಗುತ್ತದೆ. ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಇದು ಯಾವಾಗ ಶುರುವಾಯಿತು, ಮನೆಯಲ್ಲಿ ಯಾರಿದ್ದಾರೆ. ಕೊನೆಯ ಕಡೆಗೆ ಬದುಕು ಸಾಕೆನಿಸಿದೆಯೇ ಎಂದೂ ಕೇಳಬೇಕು. ಬಂದವರಲ್ಲಿ ಅನೇಕರಿಗೆ ಇದು ನಿರಾಸೆ. ಇಂಜೆಕ್ಷನ್ ಇಲ್ಲ, ಸ್ಕ್ಯಾನ್ ಇಲ್ಲ, ಬರೀ ಮಾತು.

ಆ ದಿನ ಬೆಳಿಗ್ಗೆ ಆಸ್ಪತ್ರೆಯ ವೈದ್ಯಾಧಿಕಾರಿ ಕಳಿಸಿದ್ದ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಹಾಲೇಶ, ಮೂವತ್ತು ವರ್ಷ, ನಿದ್ದೆ ಇಲ್ಲ, ಮಾತು ಕಡಿಮೆ. ನಾನು ಕರೆಯುವ ಮೊದಲೇ ಬಾಗಿಲಲ್ಲಿ ಒಂದು ತಲೆ ಇಣುಕಿತು. ಬಿ.ಪಿ. ಮಾತ್ರೆಗೆ ಬಂದು ಸಾಲಿನಲ್ಲಿ ನಿಂತಿದ್ದ ಸರೋಜಕ್ಕ. ಅವರನ್ನು ನಾನು ಮುಖ ಕಂಡು ಬಲ್ಲೆ.

"ಮೇಡಂ, ಮುಂದೆ ಬರೋರು ನಮ್ಮ ಓಣಿಯೋರು, ಹಿಟ್ಟಿನ ಗಿರಣಿಯೋರು. ಹೋದ ವರ್ಷ ಬೆಲ್ಟಿಗೆ ಸೆರಗು ಸಿಕ್ಕು ಒಬ್ಬಾಕಿ ಸತ್ಲಲ್ರೀ ಗಿರಣ್ಯಾಗೆ, ಆವತ್ತಿಂದ ಈ ಹುಡುಗ ಹಿಂಗೆ. ಕಾಲುವೆ ದಂಡೆ ಮ್ಯಾಲೆ ಹೋಗಿ ಕುಂತ್ಕಂತಾನೆ. ಒಂದಿನ ಬೀಳ್ತಾನೆ ನೋಡ್ತಿರ್ರಿ."

"ನೀವು ಹೊರಗಿರಿ" ಎಂದು ನಾನು ಹೇಳುವಷ್ಟರಲ್ಲಿ ಅವರು ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ್ದರು.

ಆಮೇಲೆ ಹಾಲೇಶ ಒಳಗೆ ಬಂದ, ಅವನ ಅಕ್ಕ ಕರಿಬಸಮ್ಮನವರ ಹಿಂದೆ. ಅವರಿಗೆ ಐವತ್ತರ ಆಸುಪಾಸು. ಗಿರಣಿ ಅವರ ಹೆಸರಿನಲ್ಲಿತ್ತು, ಓಡಿಸುವವನು ತಮ್ಮ. ಆತ ಗೋಡೆಯ ಕಡೆಗೆ ಕುರ್ಚಿ ಎಳೆದುಕೊಂಡು ನೆಲ ನೋಡುತ್ತ ಕೂತ. ಅಕ್ಕ ಕೂರಲಿಲ್ಲ. ಯಾವ ತೊಂದರೆಗೆ ಬಂದಿರಿ ಎಂದು ಕೇಳಿದೆ. ಅವರು ಸೆರಗಿನ ಗಂಟು ಬಿಚ್ಚಿ ಒಂದು ನಿಂಬೆಹಣ್ಣು ತೆಗೆದು ನನ್ನ ಮೇಜಿನ ಮೇಲೆ ಇಟ್ಟರು.

"ನೀವೇ ಹೇಳ್ರಿ."

"ನಾನು ಏನು ಹೇಳಲಿ?"

"ತಲೆ ಡಾಕ್ಟ್ರಲ್ಲೇನು? ಇವನ ತಲೆಯೊಳಗೆ ಏನೈತೆ ಹೇಳ್ರಿ. ನಾವು ಬಾಯಿ ಬಿಡಂಗಿಲ್ಲ." ತಮ್ಮನ ಕಡೆ ತಿರುಗಿ, "ನೀನೂ ಬಿಡಬ್ಯಾಡ" ಎಂದರು.

ನಿಂಬೆಹಣ್ಣು ಕಂಡಾಗ ನನಗೆ ಅರ್ಥವಾಯಿತು. ಹೇಳಿಕೆ ಕೇಳಲು ಹೋಗುವ ಪದ್ಧತಿ ಅದು. ದೇವರು ಮೈಮೇಲೆ ಬರುವವರ ಮುಂದೆ ಹೋದವರು ತಮ್ಮ ಕಷ್ಟವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹಣ್ಣಿಟ್ಟು ಸುಮ್ಮನೆ ಕೂರುತ್ತಾರೆ. ಬಂದವರು ಯಾರು, ಯಾಕೆ ಬಂದರು ಎಂಬುದನ್ನು ಹೇಳಿಕೆಯವರೇ ಹೇಳಬೇಕು. ಹೇಳಿದರೆ ಸತ್ಯವಂತರು. "ಏನಪ್ಪ ನಿನ್ನ ಸಮಸ್ಯೆ?" ಎಂದು ಕೇಳಿದರೆ, ಕೇಳಿದ್ದರಿಂದಲೇ ಸುಳ್ಳರು. ನನ್ನ ಕೆಲಸ ಪ್ರಶ್ನೆ ಕೇಳುವುದರಿಂದ ಶುರುವಾಗುತ್ತದೆ. ಆ ಅಳತೆಯಲ್ಲಿ ನಾನು ಮೊದಲ ಮಾತಿಗೇ ಸೋತಿದ್ದೆ.

"ಮೂರು ಕಡೆ ಹೋಗಿ ಬಂದೀವಿ" ಎಂದರು ಕರಿಬಸಮ್ಮ. "ಒಬ್ಬ, ಹೆಣ್ಣಿನ ಗಾಳಿ ಅಂದ. ಒಬ್ಬಾಕಿ ಮನೆದೇವ್ರ ಹರಕೆ ಬಾಕಿ ಐತೆ ಅಂದ್ಲು. ಮೂರನೇನು ನಿಮ್ಮಂಗೇ, ಏನು ತೊಂದ್ರೆ ಅಂತ ನಮ್ಮನ್ನೇ ಕೇಳಿದ. ಎದ್ದು ಬಂದೆ."

ಇಲ್ಲಿ ನಿಧಾನವಾಗಿ ಬರೆಯಬೇಕು. ಆ ಕ್ಷಣ ನನ್ನ ಬಳಿ ಎರಡು ಸಂಗತಿಗಳಿದ್ದವು, ಬೆಲ್ಟಿಗೆ ಸಿಕ್ಕ ಸೆರಗು ಮತ್ತು ಕಾಲುವೆಯ ದಂಡೆ. ಕಣ್ಣು ಮುಚ್ಚಿ "ನೀರು ಕಾಣ್ತಿದೆ" ಎಂದಿದ್ದರೆ ಸಾಕಿತ್ತು, ಆ ಹೆಣ್ಣುಮಗಳು ನನ್ನನ್ನು ನಂಬುತ್ತಿದ್ದರು. ನಂಬಿದರೆ ಜಿಲ್ಲಾ ಕೇಂದ್ರಕ್ಕೆ ಕರೆದೊಯ್ಯುತ್ತಿದ್ದರು, ಮಾತ್ರೆ ನುಂಗಿಸುತ್ತಿದ್ದರು. ಒಂದು ಸಣ್ಣ ನಾಟಕದಿಂದ ಒಳ್ಳೆಯ ಕೆಲಸವಾಗುತ್ತದೆ ಎನ್ನುವ ಯೋಚನೆ ನನಗೆ ಬಂದಿತ್ತು. ಆದರೆ ಹಾಲೇಶ ಇದ್ದಕ್ಕಿದ್ದಂತೆ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದ. ಕಾಯುವವನ ನೋಟ ಅದು. ಏನನ್ನು ಕಾಯುತ್ತಿದ್ದಾನೆಂದು ನನಗೆ ತಿಳಿಯಲಿಲ್ಲ. ತಿಳಿಯದ್ದರಿಂದ ನಾಟಕ ಬಿಟ್ಟೆ.

"ನನಗೆ ಹೇಳೋಕೆ ಬರಲ್ಲ ಅಕ್ಕಾ. ಕೇಳೋಕೆ ಮಾತ್ರ ಬರುತ್ತೆ."

"ಮತ್ತೆ ಸಂಬಳ ಯಾತಕ್ಕೆ ತಗಂತೀರಿ? ಕೇಳಾಕೆ ನಮ್ಮ ಓಣಿ ತುಂಬ ಜನ ಅದಾರೆ. ಪುಕ್ಕಟೆ ಕೇಳ್ತಾರೆ."

ನಾನು ಹಾಲೇಶನಿಗೆ ಹೇಳಿದೆ, ಮೊದಲ ಭೇಟಿಯಲ್ಲಿ ಎಲ್ಲರಿಗೂ ಹೇಳುವುದನ್ನೇ. ಯಾವ ಪ್ರಶ್ನೆಗೂ ಉತ್ತರ ಕೊಡಲೇಬೇಕೆಂದಿಲ್ಲ. ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತದೆ. ಜೀವಕ್ಕೆ ಅಪಾಯ ಇದೆ ಎನಿಸಿದರೆ ಮಾತ್ರ ನಾನು ಸುಮ್ಮನಿರುವ ಹಾಗಿಲ್ಲ, ಆಗಲೂ ಮೊದಲು ನಿಮಗೆ ತಿಳಿಸಿಯೇ ಬೇರೆಯವರಿಗೆ ತಿಳಿಸುತ್ತೇನೆ. ಇಷ್ಟು ಹೇಳಿ, ಅಕ್ಕನನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಂಡೆ.

"ನಿನ್ನ ಕೈಗೆ ಬಿಟ್ಟು ಹೋಗಾಕೆ ನಾನೇನು ಹುಚ್ಚಿನಾ? ಮೂರು ವರ್ಷದ ಕೂಸಿದ್ದಾಗಿಂದ ಸಾಕೀನಿ ಇವನ್ನ."

‘ನೀವು’ ಅಲ್ಲಿಗೆ ‘ನೀನು’ ಆಗಿತ್ತು. ಅವರು ಇನ್ನು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ತಮ್ಮನನ್ನು ಎಬ್ಬಿಸಿಕೊಂಡು ಹೊರಡುತ್ತಾರೆ ಎನ್ನಿಸಿತು. ಹೊರಟರೆ ಮತ್ತೆ ಬರುವುದಿಲ್ಲ. ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಆಗಲೇ ಕೇಳಿದೆ. ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ ಎಂದು ನಮಗೆ ಕಲಿಸಿದ್ದಾರೆ.

"ಹಾಲೇಶ್, ಸಾಯಬೇಕು ಅಂತ ಅನ್ನಿಸ್ತಿದೆಯಾ?"

ಕರಿಬಸಮ್ಮನವರ ಅಂಗೈ ಮೇಜಿಗೆ ಬಡಿಯಿತು. "ಬಿಡ್ತು ಅನ್ನು! ಮೊದ್ಲು ಬಿಡ್ತು ಅನ್ನು! ತಾಯಿಲ್ಲದ ಹುಡುಗನ ಮುಂದೆ ಇಂಥ ಮಾತು ಆಡ್ತೀಯಲ್ಲ, ನಿನ್ನ ನಾಲಿಗೆ ಬಿದ್ದೋಗ!"

"ಬಿಡ್ತು ಅಂದೆ ಅಕ್ಕಾ" ಎಂದೆ. "ಆದ್ರೆ ಉತ್ತರ ನನಗೆ ಬೇಕು."

"ದೊಡ್ಡ ಡಾಕ್ಟ್ರನ್ನೇ ಕರ್ಕಂಡು ಬರ್ತೀನಿ ಇರು. ಇವತ್ತೇ ಈ ಊರು ಬಿಡಿಸ್ತೀನಿ ನಿನ್ನ" ಎನ್ನುತ್ತ ಅವರು ಹೊರಗೆ ಹೋದರು. ಕಾರಿಡಾರಿನ ತುದಿಯವರೆಗೂ ಅವರ ದನಿ ಕೇಳುತ್ತಿತ್ತು.

ಹಾಲೇಶ ಎದ್ದು ಹೋಗಲಿಲ್ಲ. ಆತ ಆಡಿದ ಮೊದಲ ಮಾತು, "ಸರೋಜಕ್ಕ ಹೇಳಿದ್ಲಾ?"

ಸುಳ್ಳು ಹೇಳಲು ಅವಕಾಶವಿತ್ತು. ಹೌದು ಎಂದೆ.

"ಕಿಟಕೀಲಿ ನೋಡ್ದೆ. ಆಕಿ ಕೈ ಆಡೋದು ನೋಡಿದ್ರೆ ಸಾಕು, ಮಾತು ಕೇಳಿಸ್ಬೇಕಂತಿಲ್ಲ. ಕಾಲುವೆ ಅಂದ್ಲಾ?"

"ಹೌದು."

"ಮತ್ತೆ ಹೇಳ್ಬೇಕಿತ್ತು ಅಕ್ಕನ ಮುಂದೆ. ಕಾಲಿಗೆ ಬೀಳ್ತಿದ್ಲು ನಿಮಗೆ." ದನಿಯಲ್ಲಿ ತಿರಸ್ಕಾರವಿತ್ತು.

"ಅದು ಸರೋಜಕ್ಕನ ಮಾತು. ನಿಮ್ಮದು ನನಗೆ ಗೊತ್ತಿಲ್ಲ."

ಆತ ಗೋಡೆಗೆ ಅಂಟಿಸಿದ್ದ ಲಸಿಕೆಯ ಪಟ ನೋಡಿದ. "ಸುಳ್ಳು ಅದು" ಎಂದ. "ಗಿರಣಿ ಸದ್ದು ಕೇಳದಿರೋ ಜಾಗ ಅದೊಂದೇ. ಅದಕ್ಕೆ ಹೋಗಿ ಕುಂತ್ಕಂತೀನಿ. ಕಾಲುವೆ ಅಲ್ಲ."

ಕಾಲುವೆ ಅಲ್ಲ ಎಂದರೆ ಬೇರೆ ಎಲ್ಲೋ ಎಂದಾಯಿತು. "ಹಾಗಾದ್ರೆ ಎಲ್ಲಿ?" ಎಂದೆ.

"ನಿಮಗ್ಯಾಕೆ?"

ಗೊತ್ತಿಲ್ಲ, ಅದಕ್ಕೇ ಕೇಳಿದೆ ಎಂದೆ. ಆತ ಜಾಗ ಹೇಳಿದ. ಅದನ್ನು ಇಲ್ಲಿ ಬರೆಯುವುದಿಲ್ಲ. ಯಾವಾಗ ಎಂದು ಕೇಳಿದೆ.

"ಇವತ್ತು" ಎಂದ. ಬಸ್ಸಿನ ಹೊತ್ತು ಹೇಳುವವನಂತೆ ಹೇಳಿದ. "ಆಸ್ಪತ್ರೆಗೆ ಕರ್ಕಂಡು ಹೋಗಾಕೆ ಅಕ್ಕ ಭಾಳ ಹಟ ಮಾಡಿದ್ಲು. ಆತು, ಇದೊಂದು ಮುಗಿಸಿ ಹೋಗಣ ಅಂತ ಬಂದೆ. ನೀವೂ ಸರೋಜಕ್ಕನ ಮಾತೇ ಹೇಳ್ತೀರಿ ಅಂದ್ಕಂಡಿದ್ದೆ. ಹೇಳಿದ್ರೆ ಎದ್ದು ಹೋಗ್ತಿದ್ದೆ. ಎಲ್ರಿಗೂ ಎಲ್ಲಾ ಗೊತ್ತೈತಲ್ಲ, ನಾನು ಹೇಳಾಕೆ ಏನು ಉಳೀತು?"

ನಾನು ಪೆನ್ನು ಕೆಳಗಿಟ್ಟೆ. ನಾನು ಕಾಲುವೆ ಎಂದಿದ್ದರೆ ಕರಿಬಸಮ್ಮನವರು ಆ ದಿನವೆಲ್ಲ ಕಾಲುವೆಯನ್ನೇ ಕಾಯುತ್ತಿದ್ದರು.

ಅಪಘಾತದ ಬಗ್ಗೆ ಆತ ಎರಡೇ ಮಾತು ಆಡಿದ. "ಆಕಿ ಕೂಗಿದ್ದು ನಂಗೆ ಕೇಳಿಸ್ತು ಮೇಡಂ. ಪಾಳಿಗೆ ಜಗಳ ಆಡ್ತಾರೆ ಅಂದ್ಕಂಡು ತಿರುಗಿ ನೋಡ್ಲಿಲ್ಲ." ಎರಡನೆಯದು: "ನಿನ್ನ ತಪ್ಪಲ್ಲ, ನಿನ್ನ ತಪ್ಪಲ್ಲ ಅಂತಾರೆ ಎಲ್ರೂ. ಹಂಗಂದ ಮ್ಯಾಲೆ ಇದನ್ನ ಯಾರಿಗೆ ಹೇಳ್ಲಿ?"

ನಾನು ಸಮಾಧಾನದ ಮಾತು ಆಡಲಿಲ್ಲ. ಅಂಥ ಮಾತು ಆತ ಸಾಕಷ್ಟು ಕೇಳಿದ್ದ. ಮೊದಲೇ ತಿಳಿಸಿದ್ದ ನಿಯಮವನ್ನು ನೆನಪಿಸಿದೆ. ಇದು ಜೀವದ ಮಾತು, ನಿಮ್ಮ ಅಕ್ಕನಿಗೂ ವೈದ್ಯರಿಗೂ ಈಗಲೇ ಹೇಳಬೇಕು ಎಂದೆ.

ಆತ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಇಷ್ಟೇನಾ ನೀವೂ? ಸರೋಜಕ್ಕಂಗೂ ನಿಮಗೂ ಏನು ಫರಕು ಐತೆ?"

ನಾನೂ ಎದ್ದೆ. ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಸಿಟ್ಟಿನಲ್ಲಿರುವವರ ದಾರಿ ಕಟ್ಟಬಾರದೆಂಬುದು ನಮ್ಮ ತರಬೇತಿ. ಆದರೆ ಆತ ಓಡಿದರೆ ನನ್ನಿಂದ ಹಿಡಿಯಲು ಆಗುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

"ಹೇಳೋದಂತೂ ಖಂಡಿತ. ಯಾರು ಹೇಳಬೇಕು ಅನ್ನೋದು ನಿಮಗೆ ಬಿಟ್ಟಿದ್ದು. ನೀವು ಹೇಳಿದರೆ ನಾನು ಬಾಯಿ ತೆರೆಯಲ್ಲ."

ಆತ ಬಾಗಿಲ ಹತ್ತಿರ ಹೋದ. ಆಗಲೇ ಬಾಗಿಲು ಹೊರಗಿನಿಂದ ತೆರೆದುಕೊಂಡಿತು. ಕರಿಬಸಮ್ಮ ವೈದ್ಯಾಧಿಕಾರಿಗಳನ್ನು ಕರೆತಂದಿದ್ದರು, ನನ್ನ ಮೇಲೆ ದೂರು ಹೇಳುತ್ತಲೇ ಒಳಗೆ ಬಂದರು. "ನೋಡ್ರಿ ಸಾರ್, ಈಯಮ್ಮ ನನ್ನ ತಮ್ಮಂಗೆ ಸಾಯ್ತೀಯಾ ಅಂತ ಕೇಳ್ತಾಳೆ, ಇವಳಿಗೆ ಯಾರು ಕೆಲಸ ಕೊಟ್ರು..."

"ಅಕ್ಕಾ" ಎಂದ ಹಾಲೇಶ. ಅವರು ಮಾತು ನಿಲ್ಲಿಸಲಿಲ್ಲ. "ಅಕ್ಕಾ, ಕೇಳಿಲ್ಲಿ. ಇವತ್ತು ಸಾಯಣ ಅಂತ ಇದ್ದೆ ನಾನು."

ಕರಿಬಸಮ್ಮ ಅಳಲಿಲ್ಲ. ನಾನು ನೋಡಿದ್ದನ್ನು ನೋಡಿದಂತೆ ಹೇಳುತ್ತೇನೆ. ಒಂದು ಕೈಯಿಂದ ತಮ್ಮನ ಅಂಗಿಯ ತುದಿ ಹಿಡಿದುಕೊಂಡು, ಇನ್ನೊಂದು ಕೈಯ ಬೆರಳನ್ನು ನನ್ನ ಮುಖಕ್ಕೆ ತೋರಿಸಿ ಹೇಳಿದರು: "ನೀನೇ ಅವನ ಬಾಯಾಗೆ ಹಾಕಿದ್ದು ಈ ಮಾತ್ನ."

ವೈದ್ಯಾಧಿಕಾರಿಗಳು ನನ್ನ ಪರವಾಗಿಯೂ ಮಾತಾಡಲಿಲ್ಲ, ಅವರ ಪರವಾಗಿಯೂ ಮಾತಾಡಲಿಲ್ಲ. ಆಂಬ್ಯುಲೆನ್ಸ್ ಕರೆಸಿದರು. ಅದು ಬರುವವರೆಗೆ ನಾವು ನಾಲ್ವರೂ ಆ ಕೋಣೆಯಲ್ಲೇ ಇದ್ದೆವು. ಕರಿಬಸಮ್ಮನವರು ಬೈಯುತ್ತಲೇ ಇದ್ದರು. ಅಂಗಿಯ ತುದಿಯನ್ನು ಜಿಲ್ಲಾ ಕೇಂದ್ರ ಮುಟ್ಟುವವರೆಗೂ ಬಿಡಲಿಲ್ಲವೆಂದು ಚಾಲಕ ಮರುದಿನ ಹೇಳಿದರು. ಹಾಲೇಶನನ್ನು ಅಂದೇ ಒಳರೋಗಿಯಾಗಿ ಸೇರಿಸಿಕೊಂಡರು. ಆತ ಹೇಳಿದ್ದ ಜಾಗಕ್ಕೆ ಮನೆಯವರು ಬೀಗ ಹಾಕಿದರು.

ಕರಿಬಸಮ್ಮನವರು ನಮ್ಮ ಕಚೇರಿಗೆ ಹೋಗಿ ನನ್ನ ಮೇಲೆ ದೂರು ಕೊಟ್ಟರು. ನಾನು ವಿವರಣೆ ಬರೆದುಕೊಟ್ಟೆ. ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಹಾಲೇಶ ನನ್ನ ಬಳಿ ಬರತೊಡಗಿದ. ಎರಡನೇ ಭೇಟಿಯಲ್ಲಿ ಏನೂ ಮಾತಾಡಲಿಲ್ಲ. ಮೂರನೆಯದಕ್ಕೆ ತಡವಾಗಿ ಬಂದು ಬೇಗ ಎದ್ದ. ನಾನು ಆತನಿಗೆ ಇಷ್ಟವಾಗಿದ್ದೆ ಎಂದು ಹೇಳಲಾರೆ. ಆದರೂ ಬಂದ. ಕಿಟಕಿಗೆ ನಾನು ಒಂದು ದಪ್ಪ ಬಟ್ಟೆ ಕಟ್ಟಿಸಿದೆ. ಕರೆಯದೆ ಯಾರೂ ಇಣುಕದಂತೆ ಬಾಗಿಲ ಹೊರಗೆ ಒಬ್ಬರನ್ನು ಕೂರಿಸಲು ಕೇಳಿಕೊಂಡೆ.

ಗಿರಣಿಯನ್ನು ಈಗ ಬೇರೆಯವರು ನಡೆಸುತ್ತಾರೆ. ಹಾಲೇಶ ಲಗೇಜ್ ಆಟೊ ಓಡಿಸುತ್ತಾನೆ. ಇದನ್ನು ಬರೆಯಬಹುದೇ ಎಂದು ಕೇಳಿದಾಗ, "ಬರೀರಿ. ಸರೋಜಕ್ಕ ಏನು ಓದ್ತಾಳೆ ಬಿಡ್ರಿ" ಎಂದ.

ಕರಿಬಸಮ್ಮನವರನ್ನು ನಾನು ಮತ್ತೆ ನೋಡಿದ್ದು ಒಮ್ಮೆ ಮಾತ್ರ, ಬಸ್ ನಿಲ್ದಾಣದಲ್ಲಿ. ನಾನೇ ಹತ್ತಿರ ಹೋಗಿ, ಚೆನ್ನಾಗಿದ್ದೀರಾ ಅಕ್ಕಾ ಎಂದೆ.

"ಇನ್ನೂ ಕೇಳ್ಕಂತಾನೇ ತಿರುಗ್ತೀರೇನು?"

"ಹೌದು ಅಕ್ಕಾ. ಅದೇ ಕೆಲಸ."

ಆಗ ಬಂದು ನಿಂತ ಬಸ್ಸಿನ ಬೋರ್ಡನ್ನು ಅವರು ಓದಿದರು, ತಮ್ಮದಲ್ಲವೆಂದು ಖಚಿತಪಡಿಸಿಕೊಂಡರು, ಆಮೇಲೆ ನನ್ನ ಕಡೆ ತಿರುಗಿದರು. "ನನ್ನ ತಮ್ಮ ಬದುಕ್ಯಾನೆ. ನಿಮ್ಮಿಂದ ಅಲ್ಲ, ತಿಳ್ಕಳ್ರಿ."

ನಾನು ಹೌದು ಎಂದೆ. ಅವರನ್ನು ಸಮಾಧಾನಪಡಿಸಲು ಹಾಗೆ ಹೇಳಿದ್ದಲ್ಲ. ಮೊದಲ ಭೇಟಿಗೆ ಬರುವವರು ತಿಳಿದಿರಬೇಕಾದ ಸಂಗತಿಯೂ ಅದೇ: ಎದುರು ಕೂತವರಿಗೆ ನಿಮ್ಮೊಳಗೆ ಇರುವುದು ಗೊತ್ತಿರುವುದಿಲ್ಲ, ಊರಿಗೆಲ್ಲ ಗೊತ್ತಿದೆ ಎನಿಸಿದ್ದೂ ಎಷ್ಟೋ ಸಲ ತಪ್ಪಾಗಿರುತ್ತದೆ. ಆ ದಿನ ಆ ಕೋಣೆಯಲ್ಲಿ ನಿಜ ಗೊತ್ತಿದ್ದವನು ಹಾಲೇಶ ಒಬ್ಬನೇ. ಅದನ್ನು ಹೇಳಿದವನೂ ಅವನೇ.