ಮೂರನೇ ಮುಳುಗು

ನಾ ಮೊದಲಿಂದ ಸಿಟ್ಟಿನಾಕಿ. ದೇವರ ಹಿಪ್ಪರಗಿ ಕಡೆಯ ಒಣಭೂಮಿ ಮಂದಿ ನಾವು, ಹೊಳಿ ನೋಡೂದು ವರ್ಷಕ್ಕ ಒಮ್ಮೆ, ಸಂಕ್ರಾಂತಿ ಜಳಕಕ್ಕ. ಆ ವರ್ಷ ತಂಗಡಗಿಗೆ ಹೋದ್ರ ದಂಡಿ ತುಂಬ ಮಂದಿ. "ಈ ಸಂತ್ಯಾಗ ಯಾರು ಜಳಕ ಮಾಡಬೇಕ್ರಿ?" ಅಂತ ನಮ್ಮ ಅತ್ತಿ ಮುಂದ ಅಂದು, ಎಂಟು ವರ್ಷದ ಮಗಳ ಕೈ ಹಿಡಕೊಂಡು ಜಾಲಿಕಂಟಿ ದಾಟಿ ನಡದೆ. ಅತ್ತಿ ಬುತ್ತಿಗಂಟು ಹೊತ್ಕೊಂಡು ಹಿಂದಿನಿಂದ, "ಮಂದಿ ಇದ್ದಲ್ಲೇ ಚಲೋ ಇತ್ತವ್ವಾ" ಅನ್ನಾಕತ್ತಿದ್ರು. ಕೋಣನ ಮುಂದ ಕಿನ್ನರಿ ಬಾರಿಸಿದಂಗಾತು.

ಕಂಟಿ ಆಚೆ ಅಂಗಳದಷ್ಟು ಉಸುಕು, ಒಂದು ಕಾಗಿ ಸೈತ ಇಲ್ಲ. ಭಾಳ ಖುಷಿ ಆತು ನನಗ. ನಡುವ ಚೀಲ ಎಳದಂಗ ಒಂದು ಅಗಲ ಗೀರು ನೀರಿನ ತನಕ ಹೋಗಿತ್ತು. "ಉಸುಕು ಕದಿಯೋರು ಇದನ್ನೂ ಬಿಟ್ಟಿಲ್ಲ ನೋಡ್ರಿ, ಚೀಲ ಎಳದು ತೆಪ್ಪಕ್ಕ ಹಾಕ್ಯಾರ" ಅಂತ ನಾಕು ಬೈದೆ. ಮಗಳ ಮೈಗೆ ಅರದ ಎಳ್ಳು ತಿಕ್ಕಿ, "ಮೂರು ಮುಳುಗು ಹಾಕಬೇಕು. ಒಂದು ಕಮ್ಮಿ ಆದ್ರೂ ಹೋಳಿಗಿ ಇಲ್ಲ" ಅಂತ ಗದರಿಸಿ ನೀರಿಗಿಳಿಸಿದೆ.

ಆಕಿ ನಡಮಟ ನೀರಾಗ ನಿಂತು ಮುಳುಗಾಕತ್ತಿದ್ಲು. ಗಂಗವ್ವಗ ಎಡಿ ಇಡಾಕ ಗೀರಿನ ಬಾಜು ಕುಂತ ಅತ್ತಿ ಹಂಗೇ ಉಸುಕಿಗೆ ಬಗ್ಗಿದ್ರು. ಆಮ್ಯಾಲ ಸಣ್ಣ ದನಿಲೆ, "ಯವ್ವಾ, ಚೀಲಕ್ಕ ಎಲ್ಲೆರ ಕಾಲು ಇರ್ತಾವೇನ?" ಅಂದ್ರು.

ಬಗ್ಗಿ ನೋಡಿದೆ. ಗೀರಿನ ಎರಡೂ ಕಡೆ ಪಾದ, ಬೆರಳು, ಉಗುರಿನ ಗುರ್ತು. ಬೆರಳು ನೀರಿನ ಕಡೆ ಮುಖ ಮಾಡಿದ್ವು. ಅಂಚಿನ ಉಸುಕು ಇನ್ನೂ ಉದುರಾಕತ್ತಿತ್ತು. ನಮ್ಮ ಸಪ್ಪಳ ಕೇಳೇ ಮೊಸಳಿ ಎದ್ದು ನೀರಿಗಿಳಿದಿತ್ತು.

ಚೀರಿದ್ರ ಹುಡುಗಿ ಅಂಜಿ ನೀರು ಬಡೀತಾಳ. "ಬಾ ನನ್ನವ್ವ, ಹೋಳಿಗಿ ತಿನ್ನಬಾ" ಅಂದೆ.

"ಎರಡೇ ಆಗ್ಯಾವ, ಇನ್ನೊಂದು ಐತಿ!" ಅಂತಂದು ಮೂಗು ಹಿಡಕೊಂಡು ಮುಳುಗೇ ಬಿಟ್ಲು.

ನೀರಿನ ಮ್ಯಾಲ ಏನೂ ಇಲ್ಲ. ಸೀರಿ ಸೈತ ಎತ್ತದ ಓಡಿದೆ, ಕಾಲು ಉಸುಕಿನ್ಯಾಗ ಹುಗಿಯಾಕತ್ತಿದ್ವು. ಅಂಥ ಅಂಜಿಕಿ ಆಕಿನ್ನ ಹಡಿಯುವಾಗೂ ಆಗಿರಲಿಲ್ಲ. ಕೈಗೆ ಜಡಿ ಸಿಕ್ತು. ಜಡಿ ಹಿಡದೇ ದರದರ ದಂಡಿಗೆ ಎಳದೆ.

"ಮೂರೂ ಆದ್ವು!" ಅಂತ ಕೆಮ್ಮಕೋತ ನಕ್ಕಳು. ಫಟಾರನೆ ಕಪಾಳಕ್ಕ ಹೊಡದೆ.

ಜಳಕ ಎಲ್ಲಿ ಆತು ಅಂತ ಮನ್ಯಾಗ ಕೇಳಿದವರಿಗೆ ಅತ್ತಿ "ಮಂದ್ಯಾಗೇ ಮಾಡಿದ್ವಿ" ಅಂದ್ರು. ನಾ ಕೆಳಗ ನೋಡಿಕೋತ ನಿಂತೆ.

ಮಗಳು ಈಗ ನನಗಿಂತ ಎತ್ತರ ಬೆಳದಾಳ. ಸಂಕ್ರಾಂತಿ ಬಂದ್ರ ಸಾಕು, "ನೀ ಹೇಳಿದ್ದೇ ಮಾಡಿದ್ನಲ್ಲ, ಯಾಕ ಹೊಡದಿ?" ಅಂತ ಕೇಳ್ತಾಳ. ನೀರು ಥಂಡಿ ಇತ್ತು, ಜಡ್ಡು ಬರ್ತಿತ್ತು ಅಂತ ಸುಳ್ಳು ಹೇಳ್ತೇನಿ. ಖರೆ ಹೇಳಿದ್ರ, "ನನ್ನ ಅಲ್ಲಿ ನೀರಿಗಿಳಿಸಿದಾಕಿ ಯಾರು?" ಅಂತ ಕೇಳ್ತಾಳ.