ಹುಳ ತಿನ್ನದ ಕೋಳಿ

ಟಿಳಕವಾಡಿಯ ಆ ಮನೆಗೆ ನಾನು ಸೊಸೆಯಾಗಿ ಬಂದಾಗಿನಿಂದ ಮೊಟ್ಟೆ ಹಾಕಿದ ಕೇಕು ಕೂಡ ಹೊಸ್ತಿಲು ದಾಟಿರಲಿಲ್ಲ. ಲಿಂಗಪೂಜೆ ಮುಗಿಯದೆ ಚಹಾ ಸಹ ಮುಟ್ಟದ ಅತ್ತೆ, ಅವರನ್ನೇ ಅಚ್ಚೊತ್ತಿದಂತಿರುವ ಮಗ, ಅಂದರೆ ನನ್ನ ಗಂಡ. ಅಂಥವರ ಎದುರು ನಿಂತು ಆಸ್ಪತ್ರೆಯ ಡಾಕ್ಟರು, “ಅಜ್ಜಿಗೆ ದಿನಾ ಎರಡು ತತ್ತಿ ಕೊಡ್ರಿ” ಅಂದುಬಿಟ್ಟರು, ನೆಗಡಿಗೆ ಗುಳಿಗೆ ಬರೆದುಕೊಟ್ಟಷ್ಟು ಸಲೀಸಾಗಿ. ಗಂಡ ಕುರ್ಚಿಯಿಂದ ಅರ್ಧ ಎದ್ದುಬಿಟ್ಟರು. ಪುಣ್ಯಕ್ಕೆ ಮಂಚದ ಮೇಲೆ ಅತ್ತೆ ಕಣ್ಣು ಮುಚ್ಚಿ ಮಲಗಿದ್ದರು.

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದರು. ಆಪರೇಷನ್ ಆಗಿತ್ತು, ಆದರೆ ಗಾಯ ಮಾಯುತ್ತಿರಲಿಲ್ಲ. ಹಾಲು ಕುಡಿದರೆ ಹೊಟ್ಟೆ ಕೆಡುತ್ತಿತ್ತು, ಬೇಳೆ ತಿಂದರೆ ಉಬ್ಬರ, ಡಬ್ಬಿಯ ಪುಡಿ ಕಲಸಿ ಕೊಟ್ಟರೆ ವಾಂತಿ. ಹಾಸಿಗೆಯಲ್ಲಿ ದಿನದಿನಕ್ಕೆ ಸಣ್ಣಗಾಗುತ್ತ ಹೋಗಿ, ರವಿಕೆಯ ತೋಳಿನಲ್ಲಿ ನನ್ನ ಎರಡು ಕೈ ಹಿಡಿಸುವಷ್ಟು ಜಾಗ ಉಳಿದಿತ್ತು. ಮೈಯಲ್ಲಿ ಕಸುವು ಹುಟ್ಟದಿದ್ದರೆ ಗಾಯ ಮಾಯುವುದಿಲ್ಲ, ಗಾಯ ಮಾಯದಿದ್ದರೆ ಅಜ್ಜಿ ಮಳೆಗಾಲ ದಾಟುವುದು ಕಷ್ಟ ಎಂದು ಡಾಕ್ಟರು ನಮ್ಮಿಬ್ಬರನ್ನೂ ಹೊರಗೆ ಕರೆದು ಹೇಳಿದರು. ಅತ್ತೆಯದಂತೂ ಯಾರು ನೋಡಲು ಬಂದರೂ ಒಂದೇ ಮಾತು: “ಸಾಕವಾ ಈ ಜೀವ. ಶಿವಾ ಕರದ್ರ ನಡದಬಿಡತೀನಿ.” ಬಂದವರು ಹೂಂಗುಟ್ಟುತ್ತಿದ್ದರು. ನಾವೂ ನಂಬಿದ್ದೆವು.

ಮನೆಗೆ ಕರೆತಂದ ಮೇಲೆ ಗಂಡ ನನಗೆ ತಾಕೀತು ಮಾಡಿದರು. “ಅವ್ವನ ಮುಂದ ಆ ತತ್ತಿ ಮಾತ ತಗೀಬ್ಯಾಡ. ಕೇಳಿದ್ರ ಅನ್ನಾ ನೀರ ಬಿಡತಾಳ.” ನಾನು ತುಟಿ ಹೊಲಿದುಕೊಂಡೆ. ಮರುದಿನ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು, ಪೂಜೆ ಮುಗಿಸಿ, ದಿಂಬಿಗೆ ಒರಗಿ ಕುಳಿತ ಅತ್ತೆ ನಮ್ಮಿಬ್ಬರನ್ನೂ ಕರೆದರು.

“ಆ ಡಾಕ್ಟರ್ ಹೇಳಿದ್ದು ತಿಂತೀನಿ” ಅಂದರು.

ನನಗೆ ಸಿಡಿಲು ಬಡಿದಂತಾಯಿತು. ಗಂಡನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಹಾಗಾದರೆ ಅವತ್ತು ಆಸ್ಪತ್ರೆಯಲ್ಲಿ ಅತ್ತೆಗೆ ನಿದ್ದೆ ಹತ್ತಿರಲಿಲ್ಲ! ಅವರು ಮುಂದುವರಿದರು: “ಆದ್ರ ಅಂಗಡ್ಯಾಗಿಂದು ಬ್ಯಾಡ. ಕೋಳಿ ನನ್ನ ಕಣ್ಣ ಮುಂದ ಇರಬೇಕು. ಬಾಜೂಕ ಹುಂಜ ಇರಬಾರದು, ಜೀವಾ ಇರೂ ತತ್ತಿ ನನಗ ನಡ್ಯಂಗಿಲ್ಲ. ಮತ್ತ ಆ ಕೋಳಿ ಹುಳಾ ಹುಪ್ಪಡಿ ತಿನ್ನಬಾರದು. ಕಾಳು ಕಡಿ ತಿಂದು ತತ್ತಿ ಇಟ್ಟರ ಅದು ಕಾಳಿದ್ದಂಗs.”

ಹುಳ ತಿನ್ನದ ಕೋಳಿ! ಮಳೆ ಬೀಳದ ಖಾನಾಪುರ ಅಂದಂತೆ. ನಾನು ನಗಬೇಕೋ ಅಳಬೇಕೋ ತಿಳಿಯದೆ ಗಂಡನ ಮುಖ ನೋಡಿದರೆ, ಅಲ್ಲಿ ಎಷ್ಟೋ ದಿನಗಳ ಮೇಲೆ ಒಂದು ಗೆಲುವು ಮೂಡಿತ್ತು. “ಹುಡಕೂಣು ಅವ್ವಾ. ಸಿಕ್ಕs ಸಿಗತೈತಿ” ಅಂದರು, ಹುಡುಗಿ ನೋಡಲು ಹೊರಟವರ ಹಾಗೆ.

ಖಾನಾಪುರದಿಂದ ಹಲಸಿಗೆ ಹೋಗುವ ರಸ್ತೆಯಲ್ಲಿ ನಿವೃತ್ತ ಶಾಲಾ ಮಾಸ್ತರರೊಬ್ಬರು ನಾನಾ ಜಾತಿಯ ಕೋಳಿ ಸಾಕಿದ್ದಾರೆಂದು ಗಂಡನ ಆಫೀಸಿನವರು ಹೇಳಿದರು. ಭಾನುವಾರ, ಕಾಲೇಜು ಓದುತ್ತಿದ್ದ ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು ನಾವಿಬ್ಬರೂ ಹೊರಟೆವು. ಅಲ್ಲಿ ಮುಟ್ಟಿದ ಮೇಲೆ ಗಂಡ ಕಾರಿನ ಗಾಜು ಏರಿಸಿಕೊಂಡು ಒಳಗೇ ಕುಳಿತುಬಿಟ್ಟರು. ಕೋಳಿಯ ವಾಸನೆ ಅವರಿಗೆ ಆಗುತ್ತಿರಲಿಲ್ಲ. ಜನ್ಮದಲ್ಲಿ ಕೋಳಿಯ ಹತ್ತಿರ ನಿಲ್ಲದ ನಾನು ಸೆರಗು ಬಿಗಿದು ಒಬ್ಬಳೇ ಇಳಿದೆ.

“ಹುಳ ತಿನ್ನದ ಜಾತಿ ಯಾವುದ ಐತ್ರಿ, ಸರ?”

ಮಾಸ್ತರರು ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟರು. ಅವರದು ಮನೆಮಾತು ಮರಾಠಿ, ಅತ್ತಿಗೆ ಅನ್ನುವುದಕ್ಕೆ ವೈನೀ ಅನ್ನುವವರು. “ಅರೇ ದೇವಾ! ವೈನೀ, ಜೀವನಾ ಪೂರಾ ಸಾಲ್ಯಾಗ ಕಲಿಸೀನಿ. ಇಂಥಾ ಪ್ರಶ್ನಿ ಯಾರೂ ಕೇಳಿದ್ದಿಲ್ಲ” ಅಂದರು. ಆದರೆ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವ ಪೈಕಿ ಅವರಲ್ಲ. ಗಂಟಲು ಸರಿಮಾಡಿಕೊಂಡು ನನ್ನನ್ನು ಗೂಡಿನಿಂದ ಗೂಡಿಗೆ ಕರೆದುಕೊಂಡು ಹೋದರು.

ಮೊದಲು ಕಂಡದ್ದು ಕಡಕ್‌ನಾಥ್. ರೆಕ್ಕೆ ಕಪ್ಪು, ಜುಟ್ಟು ಕಪ್ಪು, ಕಾಲು ಕಪ್ಪು. ಮಾಸ್ತರರು ಅದರ ಕೊಕ್ಕು ಬಿಡಿಸಿ ತೋರಿಸಿದರೆ ನಾಲಗೆಯೂ ಕಪ್ಪು! ಒಳಗಿನ ಎಲುಬೂ ಹಾಗೇ ಇರುತ್ತದೆಂದು ಕೇಳಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮೊಟ್ಟೆ ಮಾತ್ರ ಕೆನೆ ಬಣ್ಣದ್ದಂತೆ. “ಆದ್ರ ಸಾವಕಾರ ಇದ್ದಂಗ ನೋಡ್ರಿ, ಮನಸ ಬಂದ್ರ ಇಡತೈತಿ, ಇಲ್ಲಾಂದ್ರ ಇಲ್ಲ” ಅಂದರು. ಪಕ್ಕದಲ್ಲಿದ್ದ ಅಸೀಲ್ ಫೌಜುದಾರನ ಹಾಗೆ ಕತ್ತೆತ್ತಿ ನಿಂತಿತ್ತು. ನನ್ನ ಸೀರೆಯ ಅಂಚು ಕುಕ್ಕಿ ಒಂದು ದಾರ ಎಳೆದೇಬಿಟ್ಟಿತು. ಇಂಥ ಜಗಳಗಂಟಿಯನ್ನು ಮನೆಗೆ ಒಯ್ಯುವುದೇ? ನಾನೊಬ್ಬಳು ಇದ್ದೇನಲ್ಲ, ಸಾಲದೇ?

ಆಮೇಲೆ ತಂತಿಯ ಹಿಂದೆ ಸಾಲಾಗಿ ನಿಂತ ಬಿಳಿ ಫಾರಂ ಕೋಳಿಗಳು. ಅವಕ್ಕೆ ಕೆದರುವುದೇ ಗೊತ್ತಿಲ್ಲ, ಹಾಕಿದ್ದಷ್ಟೇ ತಿನ್ನುತ್ತವೆ, ಮೊಟ್ಟೆ ಹೆಚ್ಚುಕಡಿಮೆ ದಿನಕ್ಕೊಂದು. ಗೆದ್ದೆ ಅಂದುಕೊಂಡೆ. ಏನು ಹಾಕುತ್ತೀರಿ ಎಂದು ಕೇಳಿದ್ದಕ್ಕೆ ಮಾಸ್ತರರು ಚೀಲದ ಬಾಯಿ ಬಿಚ್ಚಿದರು. ಗಪ್ಪನೆ ಮೀನು ಮಾರ್ಕೆಟ್ಟಿನ ವಾಸನೆ ಬಂತು. “ಒಣಮೀನಿನ ಪುಡಿ ಹಾಕಿರತಾರಲ್ಲರಿ. ಇಲ್ಲಾಂದ್ರ ದಿನಾ ತತ್ತಿ ಎಲ್ಲಿಂದ ಬರಬೇಕು?” ನಾನು ಮೂಗಿಗೆ ಸೆರಗು ಒತ್ತಿಕೊಂಡೆ. ಹುಳ ಬೇಡವೆಂದು ಬಂದರೆ ಸಮುದ್ರವೇ ಎದುರು ನಿಂತಿತ್ತು.

ಕೊನೆಗೆ ಗಿರಿರಾಜ. ದೊಡ್ಡ ಮೈ, ಬಣ್ಣಬಣ್ಣದ ಗರಿ, ಸಂತೃಪ್ತ ಮುಖ. “ಇದು ಭಾಳ ಆಲಸಿ, ವೈನೀ. ಕುಂತಲ್ಲೆ ಕುಂದರತೈತಿ. ಹುಳ ತಾನಾಗೇ ಬಂದು ಬಾಯಾಗ ಬಿದ್ರ ತಿಂದೀತು, ಹುಡುಕಾಕ ಹೋಗಂಗಿಲ್ಲ.” ಇದಕ್ಕಿಂತ ಸಾತ್ವಿಕ ಕೋಳಿ ಭೂಮಿಯ ಮೇಲೆ ಸಿಗಲಾರದೆಂದು ನಿರ್ಧರಿಸಿ, ಅತ್ತೆಗೆ ತೋರಿಸಲು ಮಗಳಿಗೆ ವಿಡಿಯೋ ಕಾಲ್ ಮಾಡಿದೆ.

ಅತ್ತೆ ಗಿರಿರಾಜನನ್ನು ಒಂದು ಕ್ಷಣ ನೋಡಿ, “ಹಿಂದ ಮೂಲ್ಯಾಗ ಬೂದಿ ಬಣ್ಣದ್ದು ಐತಲ್ಲ, ಅದನ್ನ ತೋರ್ಸು” ಅಂದರು. ಅದು ಜವಾರಿ ಕೋಳಿ. ಊರಿನ ಸಾದಾ ಸಣ್ಣ ಕೋಳಿ. ಎರಡೂ ಕಾಲಿಂದ ತಿಪ್ಪೆಯನ್ನು ಹಾರಿಸಿ ಹಾರಿಸಿ ಕೆದರುತ್ತಿತ್ತು. “ಅದs ಇರಲಿ” ಅಂದರು ಅತ್ತೆ.

“ಅತ್ತೀ, ಅದು ತಿಪ್ಪಿ ಕೆದರಾಕತ್ತೈತ್ರಿ!”

“ಕಾಳ ಹುಡಕತೈತಿ, ಬಿಡು. ಮಾರಿ ನೋಡು ಅದರದು, ಎಷ್ಟ ಸಾಧು ಐತಿ.”

ಮಾಸ್ತರರು ಕಣ್ಣು ಕೂಡ ಮಿಟುಕಿಸಲಿಲ್ಲ. “ಖರೇ ಹೇಳಿದ್ರಿ ಅಜ್ಜಿ! ಇದು ಮಾಳಕರಿ ಕೋಳಿ” ಅಂದುಬಿಟ್ಟರು. ಕೊರಳಿಗೆ ತುಳಸಿಮಾಲೆ ಹಾಕಿಕೊಂಡು, ಮಾಂಸ ಮೀನು ಬಿಟ್ಟು, ಪಂಢರಪುರಕ್ಕೆ ನಡೆಯುವವರನ್ನು ನಮ್ಮ ಕಡೆ ಮಾಳಕರಿ ಅನ್ನುತ್ತಾರೆ. ಇಷ್ಟು ದೊಡ್ಡ ಸುಳ್ಳನ್ನು ಇಷ್ಟು ಭಕ್ತಿಯಿಂದ ಹೇಳಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆದರೆ ಅತ್ತೆ ಒಪ್ಪಿದ್ದರು. ಹುಂಜ ಮುಟ್ಟದ್ದೇ ಬೇಕೆಂದು, ಆ ಬೂದಿ ಬಣ್ಣದ್ದೂ ಸೇರಿ, ಇನ್ನೂ ಮೊಟ್ಟೆ ಇಡಲು ಶುರುಮಾಡದ ಮೂರು ಎಳೆಯ ಜವಾರಿ ಕೋಳಿಗಳು ಬುಟ್ಟಿಯಲ್ಲಿ ನಮ್ಮ ಡಿಕ್ಕಿ ಸೇರಿದವು. ನಮ್ಮ ಊರ ಹತ್ತಿರದ ದೇಸೂರು ದಾಟುವವರೆಗೂ ಗಂಡ ಉಸಿರು ಬಿಗಿಹಿಡಿದೇ ಕಾರು ಓಡಿಸಿದರು.

ಅವುಗಳನ್ನು ಸಸ್ಯಾಹಾರಿಗಳಾಗಿ ಇಡುವ ಕೆಲಸ ಗಂಡನ ಹೆಗಲಿಗೆ ಬಿತ್ತು. ಹಿತ್ತಲಿಗೆ ಪೂರಾ ಫರಸಿ ಕಲ್ಲು ಹಾಸಿಸಿದರು, ಸುತ್ತ ಬಲೆ ಕಟ್ಟಿಸಿದರು. ಮಳೆ ಹಿಡಿದ ಮೇಲೆ ಫರಸಿಯ ಸಂದಿಯಿಂದ ಎರೆಹುಳ ಏಳತೊಡಗಿದವು. ದಿನಾ ಬೆಳಿಗ್ಗೆ ಕೋಳಿಗಳನ್ನು ಹೊರಗೆ ಬಿಡುವ ಮೊದಲು ನನ್ನ ಗಂಡ, ಹಣೆಯ ತುಂಬ ವಿಭೂತಿ, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಧೋತರ, ಬಗ್ಗಿಕೊಂಡು ಒಂದೊಂದೇ ಹುಳವನ್ನು ಎಲೆಯ ಮೇಲೆ ಹತ್ತಿಸಿ ಕಂಪೌಂಡಿನ ಆಚೆ ಬಿಟ್ಟು ಬರುತ್ತಿದ್ದರು. ಆಮೇಲೆ ಜೋಳ, ನುಚ್ಚು, ನೆನೆಸಿದ ಕಡಲೆ. ಅತ್ತೆಯ ಮಂಚ ಕಿಟಕಿಯ ಪಕ್ಕದಲ್ಲಿತ್ತು. ಮಗನ ಈ ಸೇವೆಯನ್ನು ನೋಡುತ್ತ ಸುಮ್ಮನೆ ಮಲಗಿರುತ್ತಿದ್ದರು.

ಮೊದಲ ಮೊಟ್ಟೆಯನ್ನು ಎತ್ತಿಕೊಂಡ ದಿನ ನಾನು ಕಿರುಚಿಯೇಬಿಟ್ಟೆ. ಅದು ಬಿಸಿಯಿತ್ತು! ಆಗ ಇಟ್ಟ ಮೊಟ್ಟೆ ಬಿಸಿ ಇರುತ್ತದೆಂದು ನನಗೆ ಯಾರು ಹೇಳಬೇಕು? ಹಿತ್ತಲ ಕಟ್ಟೆಯ ಮೇಲೆ ಬೇರೆ ಒಲೆ ಇತ್ತು, ಬೇರೆ ಪಾತ್ರೆ ಇತ್ತು. ಆ ಪಾತ್ರೆ ಅಡುಗೆಮನೆಯ ಪಾತ್ರೆಗಳಲ್ಲಿ ಬೆರೆಯದಿರಲೆಂದು ಗಂಡ ಅದರ ಹಿಡಿಕೆಗೆ ಕೆಂಪು ದಾರ ಕಟ್ಟಿದ್ದರು. ನಾನೇ ಬೇಯಿಸಿ, ನಾನೇ ಸುಲಿದು, ಅತ್ತೆಯ ಮುಂದೆ ಹಿಡಿದೆ. ವಾಂತಿಯಾದೀತೆಂದು ಬಕೀಟು ಸಹ ತಂದಿಟ್ಟಿದ್ದೆ. ಅತ್ತೆ ಪೂರ್ತಿ ತಿಂದು, “ನಾಳಿಗೆ ಸ್ವಲ್ಪ ಉಪ್ಪು ಜಾಸ್ತಿ ಹಾಕು” ಅಂದರು. ನಾನು ಬಕೀಟು ಹಿಡಿದುಕೊಂಡು ದಂಗಾಗಿ ನಿಂತೆ.

ಗಾಯ ಒಣಗತೊಡಗಿತು. ಸುಳ್ಳಲ್ಲ, ಕಣ್ಣಾರೆ ಕಂಡೆ. ಕೆನ್ನೆಗೆ ರಕ್ತ ಬಂತು, ದನಿಗೆ ಜೋರು ಬಂತು. ವಾಕರ್ ಹಿಡಿದು ಮೊದಲು ಮಂಚದ ಸುತ್ತ, ಆಮೇಲೆ ಹಿತ್ತಲ ಬಾಗಿಲವರೆಗೆ ನಡೆಯುವಂತಾದರು. ಡಾಕ್ಟರು ಖುಷಿಯಾಗಿ, ಇನ್ನೂ ಕೆಲವು ತಿಂಗಳು ಮೊಟ್ಟೆ ತಪ್ಪಿಸಬೇಡಿ ಅಂದರು.

ಅಂಥ ಒಂದು ಬೆಳಿಗ್ಗೆ, ಬೇಯಿಸಿದ ಮೊಟ್ಟೆಗಳ ಬಟ್ಟಲನ್ನು ಕಟ್ಟೆಯ ಮೇಲೆ ಇಟ್ಟಿದ್ದೆ. ಗಂಡ ಫರಸಿ ಗುಡಿಸಿ ಆಗಷ್ಟೇ ಸೊಂಟ ನೆಟ್ಟಗೆ ಮಾಡಿದ್ದರು. ಒಗೆಯುವ ಕಲ್ಲಿನ ಬುಡದಲ್ಲಿ ಬೂದಿ ಬಣ್ಣದ ಕೋಳಿ ಕತ್ತು ತೂರಿಸಿ, ಏನನ್ನೋ ಕಚ್ಚಿಕೊಂಡು ಹೊರಬಂತು. ಇಲಿಮರಿ. ಕೆಂಪಗೆ, ಜೀವಂತವಾಗಿ, ಕೊಕ್ಕಿನಲ್ಲಿ ಒದ್ದಾಡುತ್ತಿತ್ತು. ಉಳಿದೆರಡು ಕೋಳಿಗಳು ಓಡಿ ಬಂದು ಕಿತ್ತಾಡಿದವು. ನಮ್ಮ ಮಾಳಕರಿ ಬಿಡಲಿಲ್ಲ. ಗಂಡನ ಕಾಲ ಬಳಿಯೇ ನಿಂತು, ಕತ್ತು ಮೇಲೆತ್ತಿ, ಗುಳುಂ ಎಂದು ನುಂಗಿಬಿಟ್ಟಿತು.

ನಾನು “ಶಿವಶಿವಾ” ಅಂದೆ. ಗಂಡ ಕಸಬರಿಗೆ ಹಿಡಿದಂತೆಯೇ ಮೆಟ್ಟಿಲ ಮೇಲೆ ಕುಸಿದರು. “ಇಷ್ಟ ದಿನಾ ನಮ್ಮವ್ವಗ ನಾ ಏನ ತಿನಿಸಿದ್ನೇ?” ಅಂದರು. ಕಣ್ಣಲ್ಲಿ ನೀರು ಬಂದುಬಿಟ್ಟಿತು. “ಇನ್ನ ಒಂದ ತತ್ತಿ ಈ ಮನ್ಯಾಗ ಬ್ಯಾಡ. ಇವತ್ತs ಇವನ್ನ ಖಾನಾಪುರಕ್ಕ ಬಿಟ್ಟ ಬರತೀನಿ.”

“ಯಾಕ ಬಿಡತಿ?”

ಹಿತ್ತಲ ಬಾಗಿಲಲ್ಲಿ ಅತ್ತೆ ವಾಕರ್ ಹಿಡಿದು ನಿಂತಿದ್ದರು.

“ಅವ್ವಾ, ಇಲಿ ತಿಂತವಾ ಅದು!”

“ಇಲಿ ಇವತ್ತ ತಿಂತು. ನಿನ್ನಿ ಹಲ್ಲಿ ತಿಂತು. ನೀ ಕಸಾ ಹೊಡದು ಒಳಗ ಹ್ವಾದ ಮ್ಯಾಲ ದಿನಾ ಹುಳಾ, ಜೊಂಡಿಗ್ಯಾ ಹಿಡದು ತಿಂತೈತಿ. ಕಿಟಕ್ಯಾಗಿಂದ ನಾ ನೋಡಂಗಿಲ್ಲೇನು? ನನ್ನ ತವರಮನಿ ಓಣಿ ತುಂಬ ಜವಾರಿ ಕೋಳಿ ಇದ್ವು, ತಮ್ಮಾ. ಮನ್ಯಾಗ ಸಾಕಿದ್ರ ಅದs ಗಟ್ಟಿ ಬಾಳತೈತಿ ಅಂತ ನನಗ ಗೊತ್ತಿತ್ತು.”

ನಾನೇ ಕೇಳಿದೆ: “ಹಂಗಾದ್ರ ಹುಳ ತಿನ್ನಬಾರದು ಅಂತ ಯಾಕ ಹೇಳಿದ್ರಿ ಅತ್ತೀ?”

“ಸುಮ್ಮನ ತತ್ತಿ ತಾ ಅಂದಿದ್ರ ಇಂವಾ ತರತಿದ್ನೇನು? ಇವನ ಮನಸಿಗೊಂದು ದಾರಿ ಬೇಕಾಗಿತ್ತು.” ಅತ್ತೆ ಮಗನ ಕಡೆ ನೋಡಿದರು. ಆ ದನಿಯಲ್ಲಿ ನಾಚಿಕೆಯೂ ಇರಲಿಲ್ಲ, ಸಮಜಾಯಿಷಿಯೂ ಇರಲಿಲ್ಲ. “ನನಗ ಬದುಕಬೇಕಾಗಿತ್ತು, ತಮ್ಮಾ.”

ಇಲಿಮರಿಯನ್ನು ನೋಡಿದಾಗ ಆಗದ ಆಘಾತ ನನಗೆ ಆಗ ಆಯಿತು. “ಸಾಕವಾ ಈ ಜೀವ” ಎಂದು ಬಂದವರಿಗೆಲ್ಲ ಹೇಳುತ್ತಿದ್ದದ್ದು ಅತಿಥಿಗಳಿಗೆ ಚಹಾ ಕೊಟ್ಟ ಹಾಗೆ ಒಂದು ಮರ್ಯಾದೆಯಷ್ಟೇ. ನಾವು, ಮಗ, ಸೊಸೆ, ನೆಂಟರು, ಎಲ್ಲರೂ ಅದನ್ನು ನಂಬಿ, ಹೂಂಗುಟ್ಟಿ, ಅವರನ್ನು ಒಳಗೊಳಗೇ ಕಳಿಸಿಕೊಡಲು ತಯಾರಾಗಿದ್ದೆವು.

ಅತ್ತೆ ಕುರ್ಚಿ ಎಳೆದು ಮೆಲ್ಲಗೆ ಕುಳಿತು, ಬಟ್ಟಲಿನ ಕಡೆ ಕೈ ಮಾಡಿದರು. “ಆರಿ ಹೋಗತೈತಿ. ಕೊಡ್ರಿ ಇಲ್ಲೆ.”

ನಾನು ಕದಲುವ ಮೊದಲೇ ಗಂಡ ಎದ್ದರು. ಕೈ ತೊಳೆದುಕೊಂಡು ಬಂದರು. ಜೀವಮಾನದಲ್ಲಿ ಮೊದಲ ಬಾರಿ ಮೊಟ್ಟೆಯೊಂದನ್ನು ಕೈಯಲ್ಲಿ ಹಿಡಿದು, ತಾಯಿಯ ಕಾಲ ಬಳಿ ಕುಳಿತು, ಉಗುರಿನಿಂದ ಕೆರೆಯತೊಡಗಿದರು. ಸಿಪ್ಪೆಯ ಜೊತೆ ಬಿಳಿಯ ತುಣುಕುಗಳೂ ಕಿತ್ತು ಬರುತ್ತಿದ್ದವು.

“ನೋಡಿ ಸುಲಿಯೋ” ಅಂದರು ಅತ್ತೆ, “ಅರ್ಧಾ ಸಿಪ್ಪಿಗೇ ಹೋತು.”