ನಕಾಶೆಯಲ್ಲಿ ಬಿಟ್ಟ ತಿರುವು

ಎಲ್ಲರೂ ಅವನನ್ನು ಹುಟ್ಟಣ್ಣ ಎನ್ನುತ್ತಿದ್ದರು. ದೋಣಿಯ ಹುಟ್ಟು ಹಿಡಿದು ಹಿಡಿದೇ ಅಂಗೈ ಹಲಗೆಯಾದವನು. ಇಪ್ಪತ್ತೆರಡು ವರ್ಷ ಪ್ರವಾಸಿಗರನ್ನು ಎರಡು ದಿನ ಮಳೆಕಾಡಿನಲ್ಲಿ ನಡೆಸಿ, ಮೂರು ದಿನ ರಬ್ಬರ್ ದೋಣಿಯಲ್ಲಿ ಹೊಳೆ ಇಳಿಸಿ, ಜೀವಂತ ವಾಪಸು ತಂದಿದ್ದ. ಜಿಗಣೆ ಕುಡಿದು ಉಳಿಸಿದ ರಕ್ತವನ್ನು ಕಂಪನಿ ಕುಡಿಯಿತು. ಕೊನೆಗೆ ಮಂಡಿ ಕೈಕೊಟ್ಟಿತು.

ಮ್ಯಾನೇಜರ್ ಕುರ್ಚಿ ಎಳೆದು ಕೂರಿಸಿದ. "ನೀನು ನಮ್ಮ ಮನೆಯವನಿದ್ದ ಹಾಗೆ. ದಾರಿಯೆಲ್ಲಾ ಒಂದು ಹಾಳೇಲಿ ಬರ್ಕೊಡು. ಆಮೇಲೆ ನೋಡೋಣ."

ಧಣಿ 'ಮನೆಯವನು' ಎಂದನೆಂದರೆ ಬಾಗಿಲು ತೋರಿಸುತ್ತಿದ್ದಾನೆಂದೇ ಅರ್ಥ. ಹುಟ್ಟಣ್ಣನೂ ದಡ್ಡನಲ್ಲ. ಬೀಡುಬಿಡುವ ಜಾಗ, ಸುಳಿ, ಬಂಡೆ ಎಲ್ಲವನ್ನೂ ಬರೆದ, ಒಂದನ್ನು ಬಿಟ್ಟ. ನಾಲ್ಕನೇ ತಿರುವಿಗೆ ಮುಂಚೆಯೇ ಎಡದಂಡೆ ಹತ್ತಿ, ದೋಣಿ ಹೊತ್ತು ನಡೆಯಬೇಕು. ತಿರುಗಿದ ಮೇಲೆ ದಂಡೆಯೇ ಇಲ್ಲ. ಎರಡೂ ಕಡೆ ಗೋಡೆಯಂಥ ಬಂಡೆ, ಮುಂದೆ ಜಲಪಾತ. ಈ ಕಸುಬಿನವರೆಲ್ಲ ಹಾಗೆಯೇ, ಪೂರ್ತಿ ಹೇಳಿಕೊಟ್ಟವನ ಅನ್ನ ಹೋಗುತ್ತದೆ. ಭೋರ್ಗರೆತ ಕೇಳಿದ ಹೊಸಬ ಹೆದರಿ ದಡ ಹಿಡಿದಾನು, ತನಗೆ ಕರೆ ಬಂದೀತು ಎಂದುಕೊಂಡ.

ಹಾಳೆ ಹೋಗಿದ್ದು ಅವನ ತಮ್ಮನ ಕೈಗೆ. ತಮ್ಮ ಅಲ್ಲಿಯತನಕ ಕಾಡುದಾರಿಯವನು ಮಾತ್ರ, ಹೊಳೆಗೆ ಹೊಸಬ.

ಹೊರಡುವ ಬೆಳಿಗ್ಗೆ ಗೋದಾಮಿನಲ್ಲಿ ದೋಣಿ ಮಡಚಿ ಚೀಲಕ್ಕೆ ತುರುಕುತ್ತ ತಮ್ಮ ನಕ್ಕ. "ಏನಣ್ಣ, ಮುಖ ಹರಳೆಣ್ಣೆ ಕುಡಿದ ಹಾಗಿದೆ? ನಿನ್ನ ತಲೇಲಿದ್ದದ್ದೆಲ್ಲಾ ಈಗ ನನ್ನ ಜೇಬಲ್ಲಿದೆ. ಇನ್ನು ಹೋಗಿ ಅತ್ತಿಗೆ ಜೊತೆ ಕೂತು ಸೊಪ್ಪು ಬಿಡಿಸು."

"ಆ ನಾಲ್ಕನೇ ತಿರುವು..."

"ಹಾಳೇಲಿ ಇದೆ ತಾನೆ?"

ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದ. ಬಾಯಿಬಿಟ್ಟರೆ ಉಳಿದ ಒಂದೇ ಹಿಡಿತವೂ ಹೋಗುತ್ತದೆ.

"ಹ್ಞೂಂ. ಹುಷಾರು," ಎಂದ ಹುಟ್ಟಣ್ಣ. ಅಷ್ಟೇ ಎಂದ.

ಐದನೇ ದಿನ ಕೆಳಗಿನ ಸೇತುವೆಯ ಕಂಬಕ್ಕೆ ಹರಿದ ದೋಣಿಯೊಂದು ಬಂದು ಸಿಕ್ಕಿಕೊಂಡಿತು. ಪ್ರವಾಸಿಗರಿಬ್ಬರು ಬಂಡೆ ತಬ್ಬಿ ಬದುಕಿದ್ದರು. ತಮ್ಮನ ಹೆಣ ಸಿಗಲು ಮತ್ತೆ ಎರಡು ದಿನ ಹಿಡಿಯಿತು. ಮುಖ ಗುರುತು ಸಿಗಲಿಲ್ಲ. ಬೂಟು ನೋಡಿ ಅವನ ಹೆಂಡತಿ ಗುರುತು ಹೇಳಿದಳು.

ಆಫೀಸಿನ ಮೆಟ್ಟಿಲ ಮೇಲೆ ಅವಳು ಅಳದೆ ಕೇಳಿದಳು: "ಭಾವ, ಒಂದೇ ಮಾತು. ಆ ಜಾಗ ನಿಮಗೆ ಗೊತ್ತಿತ್ತಾ?"

"ಇಲ್ಲಮ್ಮ. ಗೊತ್ತಿರಲಿಲ್ಲ."

ಬಾಗಿಲಲ್ಲಿದ್ದ ಮ್ಯಾನೇಜರ್‌ಗೆ ಬೇಕಾದದ್ದೂ ಅದೇ. "ಇಪ್ಪತ್ತೆರಡು ವರ್ಷ ಹೊಳೆ ಇಳಿದವನಿಗೇ ಗೊತ್ತಿಲ್ಲ ಅಂದ್ರೆ ಕಂಪನಿ ಏನಪ್ಪಾ ಮಾಡತ್ತೆ? ಅದನ್ನೇ ಬರೆದು ಸಹಿ ಹಾಕು. ನಾಳೆಯಿಂದ ಬರಬೇಡ."

ಹುಟ್ಟಣ್ಣ ಸಹಿ ಹಾಕಿದ. ತಮ್ಮನ ಹೆಂಡತಿ ಮಾತ್ರ ಅವನನ್ನು ಪೂರ್ತಿ ನಂಬಿದಳು.

"ಹೋಗ್ಲಿ ಬಿಡಿ ಭಾವ," ಎಂದಳು. "ಮಕ್ಕಳಿಗೆ ಇನ್ನು ನೀವೇ ದಿಕ್ಕು."